ತಿನ್ನುವುದನ್ನೇ ಬೆಳೆಯಿರಿ: ಮನೆಯ ಕೈತೋಟ, ಬೀಜದಿಂದ ತಟ್ಟೆಯವರೆಗೆ

ಕೈತೋಟ ಮಾಡಬೇಕು ಅಂತ ಮನಸ್ಸಾದ ಕೂಡಲೇ ಎಲ್ಲರೂ ಕುಂಡ, ಮಣ್ಣು, ಬೀಜದ ಪೊಟ್ಟಣ ಅಂತ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಒಂದು ವಾರ ನಿಮ್ಮ ಅಡುಗೆಮನೆಯನ್ನು ಗಮನಿಸಿ. ದಿನಾ ಬೇಕಾಗುವುದು ಯಾವುದು, ವಾರಕ್ಕೊಮ್ಮೆ ಸಾಕಾಗುವುದು ಯಾವುದು, ಚೂರೇ ಬೇಕಿದ್ದರೂ ಇಡೀ ಕಟ್ಟು ತಂದು ಅರ್ಧ ಕೊಳೆಯುವುದು ಯಾವುದು, ಮನೆಯಲ್ಲಿ ಯಾರೂ ಇಷ್ಟಪಟ್ಟು ತಿನ್ನದೇ ಇರುವುದು ಯಾವುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ತೋಟದಲ್ಲಿ ಏನಿರಬೇಕು ಅನ್ನುವುದಕ್ಕೆ ಆ ಚೀಟಿಗಿಂತ ಒಳ್ಳೆಯ ಸಲಹೆ ಯಾರೂ ಕೊಡಲಾರರು. ಬದನೆಕಾಯಿ ತಿನ್ನದ ಮನೆಯಲ್ಲಿ ಬದನೆ ಗಿಡ ಎಷ್ಟು ಚೆನ್ನಾಗಿ ಬಂದರೂ ಏನು ಉಪಯೋಗ, ಅಲ್ವಾ?

ಜಾಗ ಕಡಿಮೆ ಇದ್ದರೆ ಇನ್ನೂ ಒಂದು ಲೆಕ್ಕ ಹಾಕಿ. ಒಂದು ಎಲೆಕೋಸಿನ ಗಿಡ ಎರಡು ಮೂರು ತಿಂಗಳು ಜಾಗ ಹಿಡಿದು ಕೊನೆಗೆ ಒಂದೇ ಒಂದು ಕೋಸು ಕೊಡುತ್ತದೆ. ಅಷ್ಟೇ ಜಾಗದಲ್ಲಿ ಅಷ್ಟೇ ಸಮಯದಲ್ಲಿ ಮೆಂತ್ಯ ಸೊಪ್ಪು ಎರಡು ಮೂರು ಸಲ ಬೆಳೆದು ಮುಗಿಯುತ್ತದೆ. ಆಲೂಗಡ್ಡೆ, ಈರುಳ್ಳಿ ಕೊಂಡು ತಂದು ವಾರಗಟ್ಟಲೆ ಇಟ್ಟರೂ ಹಾಳಾಗುವುದಿಲ್ಲ, ರುಚಿಯೂ ಅಷ್ಟೇನೂ ಬದಲಾಗುವುದಿಲ್ಲ. ಹಾಗಾಗಿ ಚಿಕ್ಕ ತೋಟದಲ್ಲಿ ಅವುಗಳಿಗೆ ಜಾಗ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಿತ್ತ ತಕ್ಷಣ ಬಾಡುವಂಥವು, ಅಂದರೆ ಸೊಪ್ಪು, ಕೊತ್ತಂಬರಿ, ಪುದೀನ, ಎಳೆ ಬೀನ್ಸ್, ಬೆಂಡೆ, ಗಿಡದಲ್ಲೇ ಹಣ್ಣಾದ ಟೊಮೆಟೊ, ಇವೇ ಕೈತೋಟದ ನಿಜವಾದ ಲಾಭ. ಮೆಣಸಿನ ಗಿಡವನ್ನೂ ಸೇರಿಸಿಕೊಳ್ಳಿ. ಒಂದೆರಡು ಗಿಡ ಸಾಕು, ತಿಂಗಳುಗಟ್ಟಲೆ ಕಾಯಿ ಬಿಡುತ್ತಿರುತ್ತದೆ.

ಬಿಸಿಲು ಎಲ್ಲಿ ಬೀಳುತ್ತದೆ?

ಮಣ್ಣನ್ನು ತರಬಹುದು, ಗೊಬ್ಬರ ತರಬಹುದು, ಬಿಸಿಲು ತರಲು ಆಗುವುದಿಲ್ಲ. ಮನೆಯಲ್ಲಿರುವ ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ಆಗಾಗ ಹೋಗಿ ಎಲ್ಲೆಲ್ಲಿ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ ನೋಡಿಕೊಳ್ಳಿ. ಟೊಮೆಟೊ, ಬದನೆ, ಮೆಣಸು, ಬೆಂಡೆ, ಸೌತೆ, ಕುಂಬಳದಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೇಕು. ಗಡ್ಡೆ ತರಕಾರಿಗೆ ಇದಕ್ಕಿಂತ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಸೊಪ್ಪುಗಳಿಗೆ 3–4 ಗಂಟೆ ಸಾಕು, ಉರಿ ಬಿಸಿಲಿನ ದಿನಗಳಲ್ಲಂತೂ ಮಧ್ಯಾಹ್ನದ ನೆರಳೇ ಅವಕ್ಕೆ ಹಿತ. ನೆರಳಿನಲ್ಲಿ ಟೊಮೆಟೊ ಇಟ್ಟರೆ ಗಿಡ ಉದ್ದ ಉದ್ದಕ್ಕೆ ಬೆಳೆಯುತ್ತದೆ, ಕಾಯಿ ಮಾತ್ರ ಬರುವುದಿಲ್ಲ. ಗೊಬ್ಬರ ಹಾಕಿ ಅದನ್ನು ಸರಿಮಾಡಲು ಆಗುವುದಿಲ್ಲ.

ಮಹಡಿಯ ಮೇಲೆ ಮಾಡುವವರು ಭಾರದ ಬಗ್ಗೆ ಮೊದಲೇ ಯೋಚಿಸಿ. 20 ಲೀಟರಿನ ಒಂದು ಕುಂಡಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕೆಜಿ ಆಸುಪಾಸು ಆಗುತ್ತದೆ. ದೊಡ್ಡ ಕುಂಡಗಳನ್ನು ಕೆಳಗೆ ಮನೆಯ ಗೋಡೆ ಇರುವ ಅಂಚಿನಲ್ಲಿ ಇಡಿ, ನಡುವೆ ಹಗುರವಾದವು ಇರಲಿ. ಕಟ್ಟಡ ಹಳೆಯದಾಗಿದ್ದರೆ ತಿಳಿದವರನ್ನು ಕೇಳಿಯೇ ಮುಂದುವರಿಯಿರಿ.

ಮಣ್ಣು

ಅಂಗಳದ ಮಣ್ಣಾದರೆ ಒಂದು ಹಿಡಿ ತೆಗೆದುಕೊಂಡು ಸ್ವಲ್ಪ ನೀರು ಚಿಮುಕಿಸಿ ಉಂಡೆ ಕಟ್ಟಿ. ಉಂಡೆಯೇ ಆಗದೆ ಉದುರಿದರೆ ಮರಳು ಜಾಸ್ತಿ, ನೀರು ನಿಲ್ಲುವುದಿಲ್ಲ. ಬೆರಳಿಂದ ಒತ್ತಿದರೂ ಒಡೆಯದೆ ಅಂಟಂಟಾಗಿ ಉಳಿದರೆ ಜೇಡಿ ಜಾಸ್ತಿ, ಬೇರಿಗೆ ಗಾಳಿ ಸಿಗುವುದಿಲ್ಲ. ಉಂಡೆ ಕಟ್ಟಿ, ಮೆಲ್ಲಗೆ ಒತ್ತಿದಾಗ ಪುಡಿಯಾದರೆ ಅದು ತರಕಾರಿಗೆ ಹೇಳಿ ಮಾಡಿಸಿದ ಮಣ್ಣು. ಎರಡೂ ತೊಂದರೆಗೆ ಮದ್ದು ಒಂದೇ, ಚೆನ್ನಾಗಿ ಕಳಿತ ಗೊಬ್ಬರ.

ಕುಂಡಕ್ಕೆ ಅಂಗಳದ ಮಣ್ಣನ್ನೇ ತುಂಬಬೇಡಿ, ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಮಣ್ಣು, ಕಳಿತ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮ ಸಮ ಬೆರೆಸಿದರೆ ಹೆಚ್ಚಿನ ತರಕಾರಿಗಳಿಗೆ ಒಳ್ಳೆಯದು. ತಳದಲ್ಲಿ ತೂತು ಇರಲೇಬೇಕು. ಸೊಪ್ಪಿಗೆ 15–20 ಸೆಂ.ಮೀ. ಆಳದ ಯಾವ ಡಬ್ಬಿಯಾದರೂ ಆದೀತು. ಟೊಮೆಟೊ, ಬದನೆ, ಬೆಂಡೆ, ಕ್ಯಾರೆಟ್‌ಗೆ ಕನಿಷ್ಠ 30 ಸೆಂ.ಮೀ. ಆಳ ಬೇಕು.

ಹಸಿ ಸಗಣಿ, ಹಸಿ ಕೋಳಿ ಗೊಬ್ಬರ ತರಕಾರಿ ಗಿಡಕ್ಕೆ ಹಾಕಲೇಬೇಡಿ. ಬೇರು ಸುಡುವುದು ಒಂದು ಕಡೆ, ಅದರಲ್ಲಿರುವ ರೋಗಾಣುಗಳು ಸೊಪ್ಪು, ಮೂಲಂಗಿಯ ಮೂಲಕ ನೇರ ಹೊಟ್ಟೆಗೆ ಬರುವುದು ಇನ್ನೊಂದು ಕಡೆ. ಮಣ್ಣಿಗೆ ತಾಗುವ ತರಕಾರಿಯಾದರೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 4 ತಿಂಗಳ ಅಂತರವಾದರೂ ಇರಬೇಕು. ಅಷ್ಟು ಕಾಯುವ ಬದಲು ಕಳಿತದ್ದನ್ನೇ ಹಾಕುವುದು ಸುಲಭ.

ಅಡುಗೆಮನೆಯ ಸಿಪ್ಪೆಯಿಂದ ಗೊಬ್ಬರ ಮಾಡುವವರು ಒಂದು ಪಾಲು ಹಸಿ ಸಿಪ್ಪೆಗೆ ಎರಡು ಮೂರು ಪಾಲು ಒಣ ಎಲೆ, ಹುಲ್ಲು, ಹರಿದ ರಟ್ಟು ಹಾಕಿ. ವಾರಕ್ಕೊಮ್ಮೆ ಕೆದಕಿ. ಕೆಟ್ಟ ವಾಸನೆ ಬಂದರೆ ಗಾಳಿ ಸಾಲದು, ಇನ್ನಷ್ಟು ಒಣ ಎಲೆ ಸೇರಿಸಿದರೆ ಸರಿಹೋಗುತ್ತದೆ. ಮಾಂಸ, ಎಣ್ಣೆಯ ಅಡುಗೆ, ಹಾಲಿನ ಪದಾರ್ಥ ಬೇಡ. ಹದವಾದ ಬಿಸಿ ಮತ್ತು ತೇವ ಇದ್ದರೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಬಿತ್ತುವುದು, ನೆಡುವುದು

ಬೀಜ ಎಷ್ಟು ಆಳಕ್ಕೆ? ಬೀಜದ ದಪ್ಪದ ಎರಡು ಮೂರು ಪಟ್ಟು, ಅಷ್ಟೇ. ಸಾಸಿವೆಯಷ್ಟು ಚಿಕ್ಕ ಬೀಜವನ್ನು ಮೇಲೆ ಉದುರಿಸಿ ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಮೊಳೆಯಲಿಲ್ಲ ಅಂತ ಬೀಜದ ಮೇಲೆ ತಪ್ಪು ಹಾಕುತ್ತೇವೆ, ಎಷ್ಟೋ ಸಲ ಅದು ಆಳಕ್ಕೆ ಹೂತುಹೋಗಿರುತ್ತದೆ.

ಕ್ಯಾರೆಟ್, ಮೂಲಂಗಿ, ಬೆಂಡೆ, ಬೀನ್ಸ್, ಮೆಂತ್ಯ, ಕೊತ್ತಂಬರಿ ಇವನ್ನು ಬೆಳೆಯುವ ಜಾಗದಲ್ಲೇ ಬಿತ್ತಿ. ಕ್ಯಾರೆಟ್ ಕಿತ್ತು ನೆಟ್ಟರೆ ಬೇರು ಕವಲೊಡೆದು ಸೊಟ್ಟಗಾಗುತ್ತದೆ. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಬಿತ್ತುವ ಮೊದಲು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿಕೊಳ್ಳಿ, ಪುಡಿ ಮಾಡಬೇಡಿ. ಮೆಂತ್ಯ ಮೂರು ನಾಲ್ಕು ದಿನಕ್ಕೇ ತಲೆ ಎತ್ತುತ್ತದೆ, ಕೊತ್ತಂಬರಿಗೆ ಒಂದೂವರೆ ವಾರವಾದರೂ ಗಾಬರಿಯಾಗಬೇಡಿ. ಬೆಂಡೆ ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೀರಲ್ಲಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ.

ಟೊಮೆಟೊ, ಬದನೆ, ಮೆಣಸು ಈ ಮೂರನ್ನು ಮೊದಲು ಚಿಕ್ಕ ತಟ್ಟೆಯಲ್ಲಿ ಸಸಿ ಮಾಡಿಕೊಂಡು, ನಾಲ್ಕಾರು ಎಲೆ ಬಂದ ಮೇಲೆ ನೆಡಿ. ಸಸಿ ನೆಲಮಟ್ಟದಲ್ಲಿ ತೆಳ್ಳಗಾಗಿ ದಿಢೀರ್ ಮಲಗಿಬಿಟ್ಟರೆ ಅದು ಬುಡ ಕೊಳೆಯುವ ರೋಗ, ಜಾಸ್ತಿ ನೀರು ಮತ್ತು ಗಾಳಿಯಾಡದ ಜಾಗ ಅದಕ್ಕೆ ದಾರಿ. ನೆಡುವ ಮೊದಲು ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಬಿಸಿಲಿಗೆ ಒಡ್ಡಿ, ಸಂಜೆ ಹೊತ್ತಲ್ಲಿ ನೆಡಿ. ಟೊಮೆಟೊ ಸಸಿಯ ಕೆಳಗಿನ ಎಲೆಗಳನ್ನು ಚಿವುಟಿ ಅರ್ಧ ಕಾಂಡದವರೆಗೆ ಮಣ್ಣಲ್ಲಿ ಹೂಳಬಹುದು, ಹೂತ ಕಾಂಡದಿಂದಲೂ ಬೇರು ಬಿಟ್ಟು ಗಿಡ ಗಟ್ಟಿಯಾಗುತ್ತದೆ. ಕೋಲಿನ ಆಸರೆಯನ್ನು ಅದೇ ದಿನ ನಿಲ್ಲಿಸಿಬಿಡಿ, ಆಮೇಲೆ ಚುಚ್ಚಿದರೆ ಬೇರಿಗೆ ಏಟಾಗುತ್ತದೆ.

ಸೊಪ್ಪಿನ ಬೀಜವನ್ನು ಒಂದೇ ದಿನ ಎಲ್ಲ ಖಾಲಿ ಮಾಡಬೇಡಿ. ಎರಡು ವಾರಕ್ಕೊಮ್ಮೆ ಒಂದು ಗೇಣು ಜಾಗದಲ್ಲಿ ಬಿತ್ತುತ್ತಾ ಹೋಗಿ. ಹಾಗೆ ಮಾಡಿದರೆ ಒಂದು ಕಡೆ ಕೊಯ್ದು ಮುಗಿಯುವಾಗ ಇನ್ನೊಂದು ಕಡೆ ಬಂದಿರುತ್ತದೆ.

ನೀರು, ಹೊದಿಕೆ, ಆಹಾರ

ಇಷ್ಟು ದಿನಕ್ಕೊಮ್ಮೆ ನೀರು ಹಾಕಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆರಳನ್ನು ಒಂದು ಇಂಚು ಮಣ್ಣೊಳಗೆ ಇಳಿಸಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ, ತೇವ ಇದ್ದರೆ ಸುಮ್ನೆ ಬಿಡಿ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಕೆಳಗಿಳಿಯದೆ ಮೇಲೇ ಉಳಿದುಬಿಡುತ್ತದೆ. ಬೆಳಗ್ಗೆ ಹೊತ್ತು, ಬುಡಕ್ಕೆ, ಎಲೆ ನೆನೆಯದಂತೆ ಹಾಕುವುದು ಒಳ್ಳೆಯದು.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗಿ ಕೊಳೆತಂತೆ ಕಂಡರೆ ಅದು ಹುಳ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ, ಮತ್ತು ಬಹಳ ಸಲ ಅದಕ್ಕೆ ಕಾರಣ ಮಣ್ಣಲ್ಲಿ ಕ್ಯಾಲ್ಸಿಯಂ ಇಲ್ಲದಿರುವುದಲ್ಲ, ಒಂದು ದಿನ ಪೂರ್ತಿ ಒಣಗಿಸಿ ಮರುದಿನ ಕೊಡಗಟ್ಟಲೆ ಸುರಿಯುವುದು. ನೀರು ಒಂದೇ ಹದದಲ್ಲಿ ಸಿಕ್ಕರೆ ಮುಂದಿನ ಕಾಯಿಗಳು ಚೆನ್ನಾಗಿ ಬರುತ್ತವೆ. ಬುಡಕ್ಕೆ 5 ಸೆಂ.ಮೀ. ದಪ್ಪ ಒಣ ಎಲೆಯ ಹೊದಿಕೆ ಹಾಕಿದರೆ ಈ ಕೆಲಸ ಅರ್ಧ ಹಗುರ, ಕಳೆಯೂ ಕಡಿಮೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ.

ಎರಡು ಮೂರು ವಾರಕ್ಕೊಮ್ಮೆ ಒಂದು ಹಿಡಿ ಕಳಿತ ಗೊಬ್ಬರ ಬುಡಕ್ಕೆ ಸಾಕು. ಸಾರಜನಕ ಜಾಸ್ತಿಯಾದರೆ ಗಿಡ ಹಚ್ಚಗೆ ಪೊದೆಯಾಗುತ್ತದೆ, ಹೂವೇ ಬರುವುದಿಲ್ಲ. ಬೀನ್ಸ್, ಬಟಾಣಿ ಮುಗಿದ ಮೇಲೆ ಗಿಡವನ್ನು ಕೀಳಬೇಡಿ, ನೆಲಮಟ್ಟಕ್ಕೆ ಕತ್ತರಿಸಿ. ಗಾಳಿಯ ಸಾರಜನಕವನ್ನು ಹಿಡಿದಿಡುವ ಸಣ್ಣ ಗಂಟುಗಳು ಅದರ ಬೇರಲ್ಲಿ ಇರುತ್ತವೆ, ಬೇರು ಅಲ್ಲೇ ಕಳಿತು ಮುಂದಿನ ಸೊಪ್ಪಿಗೆ ಗೊಬ್ಬರವಾಗುತ್ತದೆ. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಒಂದೇ ಕುಟುಂಬದವು, ರೋಗಗಳೂ ಹೆಚ್ಚು ಕಡಿಮೆ ಒಂದೇ. ಒಂದು ಮುಗಿದ ಜಾಗದಲ್ಲಿ ಕೂಡಲೇ ಇನ್ನೊಂದನ್ನು ನೆಡಬೇಡಿ.

ಹೂ ಬಂತು, ಕಾಯಿ ಯಾಕಿಲ್ಲ?

ಕೈತೋಟದವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅದರಲ್ಲೂ ಬಳ್ಳಿ ತರಕಾರಿ ಹಾಕಿದವರು. ಕುಂಬಳದ ಹೂವೊಂದನ್ನು ಹತ್ತಿರದಿಂದ ನೋಡಿ. ಹೂವಿನ ಕೆಳಗೆ ತೆಳ್ಳನೆಯ ಉದ್ದ ತೊಟ್ಟು ಮಾತ್ರ ಇದ್ದರೆ ಅದು ಗಂಡು ಹೂ. ಹೂವಿನ ಬುಡದಲ್ಲೇ ಗೋಲಿಯಷ್ಟು ದೊಡ್ಡ, ಸಣ್ಣ ಕುಂಬಳದಂತೆಯೇ ಕಾಣುವ ಹೀಚು ಇದ್ದರೆ ಅದು ಹೆಣ್ಣು. ಮೊದಮೊದಲು ಬರೀ ಗಂಡು ಹೂಗಳೇ ಬಂದು ಉದುರುತ್ತವೆ, ಅದು ಸಹಜ, ಕಾಯಿರಿ. ಹೆಣ್ಣು ಹೂ ಬಂದ ಮೇಲೂ ಹೀಚು ಹಳದಿಯಾಗಿ ಉದುರುತ್ತಿದ್ದರೆ ಪರಾಗ ತಲುಪಿಲ್ಲ ಅಂತ ಅರ್ಥ. ಜೇನುನೊಣ ಬಾರದ ಮಹಡಿಗಳಲ್ಲಿ ಇದು ಮಾಮೂಲು.

ಆ ಕೆಲಸ ನಾವೇ ಮಾಡಬಹುದು. ಅವತ್ತೇ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ದಳಗಳನ್ನು ಹಿಂದಕ್ಕೆ ಹರಿದು ತೆಗೆಯಿರಿ. ನಡುವೆ ಹಳದಿ ಪುಡಿ ಹತ್ತಿದ ಕಡ್ಡಿ ಉಳಿಯುತ್ತದೆ. ಬೆರಳಿಗೆ ತಾಗಿಸಿದರೆ ಪುಡಿ ಅಂಟಬೇಕು. ಅದನ್ನು ಹೆಣ್ಣು ಹೂವಿನ ನಡುವೆ ಇರುವ ಅಂಟಂಟು ಉಬ್ಬುಗಳ ಮೇಲೆ ಎಲ್ಲ ಕಡೆಗೂ ಮೆಲ್ಲಗೆ ಸವರಿ. ಒಂದು ಕಡೆಗೆ ಮಾತ್ರ ತಾಗಿದರೆ ಕಾಯಿ ಸೊಟ್ಟಗೆ ಬೆಳೆಯುತ್ತದೆ. ಹೊತ್ತು ಮುಖ್ಯ. ಕುಂಬಳ, ಸೌತೆ, ಹಾಗಲ ಬೆಳಗ್ಗೆ ಅರಳುತ್ತವೆ, ಬಿಸಿಲೇರುವ ಮೊದಲೇ ಮುಗಿಸಿ. ಹೀರೆ, ಸೋರೆ ಅರಳುವುದು ಸಂಜೆ, ಅವಕ್ಕೆ ಸಂಜೆಯೇ ಹೋಗಬೇಕು. ನಾಲ್ಕೈದು ದಿನದಲ್ಲಿ ಹೀಚು ಉಬ್ಬಿ ಹಸಿರಾಗಿ ಹೊಳೆಯತೊಡಗಿದರೆ ಕಾಯಿ ಕಚ್ಚಿದೆ.

ಟೊಮೆಟೊ, ಬದನೆ, ಮೆಣಸಿನ ಹೂವಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ. ಬೆಳಗ್ಗೆ ಹೂಗೊಂಚಲನ್ನು ಬೆರಳಿಂದ ಒಂದೆರಡು ಸಲ ತಟ್ಟಿದರೆ ಸಾಕು. ಹಗಲು 35 ಡಿಗ್ರಿ ದಾಟುವ ಸೆಕೆಯಲ್ಲಿ ಟೊಮೆಟೊ ಹೂ ಉದುರುತ್ತದೆ, ಆಗ ನೆರಳು ಬಟ್ಟೆ ಕಟ್ಟಿ ಹವೆ ತಣಿಯುವವರೆಗೆ ಕಾಯಬೇಕು.

ಹುಳ

ದಿನಾ ಐದು ನಿಮಿಷ ಎಲೆಯ ಅಡಿ ತಿರುಗಿಸಿ ನೋಡುವ ಅಭ್ಯಾಸ ಯಾವ ಔಷಧಕ್ಕಿಂತಲೂ ಮೇಲು. ಗಿಡದ ಮೇಲೆ ಇರುವೆ ಸಾಲು ಕಂಡರೆ ಸಸ್ಯಹೇನು ಇದೆಯಾ ನೋಡಿ, ಹೇನು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಪ್ರತಿಯಾಗಿ ಅದನ್ನು ಕಾಯುತ್ತದೆ ಕೂಡ. ಸ್ವಲ್ಪ ಇದ್ದಾಗ ಜೋರಾಗಿ ನೀರು ಬಿಟ್ಟು ತೊಳೆದರೆ ಆಗುತ್ತದೆ. ಜಾಸ್ತಿಯಾದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಬದನೆಯ ಕುಡಿ ಒಂದೊಂದೇ ಬಾಡಿ ಬಾಗಿದರೆ ಒಳಗೆ ಕೊರಕ ಹುಳ ಇದೆ, ಬಾಡಿದ ಭಾಗದ ಕೆಳಗೆ ಕತ್ತರಿಸಿ ನಾಶ ಮಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕೆಂಪು ಮೈಯ ಕಪ್ಪು ಚುಕ್ಕಿಯ ಗುಲಗಂಜಿ ಹುಳ ಕಂಡರೆ ಮುಟ್ಟಬೇಡಿ, ಅದು ಹೇನನ್ನು ತಿನ್ನುತ್ತದೆ.

ಕೊಯ್ಯುವ ಹೊತ್ತು

ಇಷ್ಟೆಲ್ಲ ಮಾಡಿ ಕೊನೆಗೆ ಕೊಯ್ಯುವುದನ್ನು ಮುಂದೂಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಗಿಡದಲ್ಲಿ ಕಾಯಿ ಚೆಂದ ಕಾಣುತ್ತದೆ ನಿಜ, ಆದರೆ ಬೆಂಡೆಕಾಯಿ ಎರಡು ದಿನ ಹೆಚ್ಚು ಉಳಿದರೂ ನಾರಾಗಿಬಿಡುತ್ತದೆ. ಹೂ ಬಿದ್ದು ನಾಲ್ಕರಿಂದ ಆರು ದಿನಕ್ಕೆ, ಬೆರಳುದ್ದ ಇದ್ದಾಗ ಕೊಯ್ಯಿರಿ. ತುದಿ ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಬೀನ್ಸ್ ಸಿಪ್ಪೆಯ ಮೇಲೆ ಕಾಳಿನ ಉಬ್ಬು ಕಾಣುವ ಮೊದಲು, ಬದನೆ ಸಿಪ್ಪೆಯ ಹೊಳಪು ಹೋಗುವ ಮೊದಲು, ಸೌತೆ ಹಳದಿಯಾಗುವ ಮೊದಲು. ಬೀಜ ಬಲಿತರೆ ಗಿಡ ತನ್ನ ಕೆಲಸ ಮುಗಿಯಿತು ಅಂದುಕೊಂಡು ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಎಳೆಯದನ್ನು ಕೊಯ್ದಷ್ಟೂ ಹೆಚ್ಚು ಸಿಗುತ್ತದೆ.

ಸೊಪ್ಪನ್ನು ಬೆಳಗ್ಗೆ ಕೊಯ್ಯಿರಿ, ರಾತ್ರಿ ನೀರು ಕುಡಿದ ಎಲೆ ಗರಿಗರಿಯಾಗಿರುತ್ತದೆ. ಪಾಲಕ್, ಬಸಳೆ, ಪುದೀನವನ್ನು ಬುಡಸಮೇತ ಕೀಳದೆ ಹೊರಗಿನ ಎಲೆ ಅಥವಾ ಕುಡಿ ಮಾತ್ರ ತೆಗೆದರೆ ಮತ್ತೆ ಚಿಗುರುತ್ತದೆ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಕಿತ್ತ ಕೂಡಲೇ ಎಲೆ ಬೇರ್ಪಡಿಸಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನು ಎಳೆದು ಅದನ್ನು ಮೆತ್ತಗಾಗಿಸುತ್ತದೆ. ಆ ಎಲೆಯನ್ನು ಎಸೆಯಬೇಡಿ. ಮೂಲಂಗಿ, ಬೀಟ್‌ರೂಟ್ ಎಲೆ, ಕುಂಬಳದ ಎಳೆ ಕುಡಿ, ಪರಾಗಕ್ಕೆ ಬಳಸಿ ಮಿಕ್ಕ ಗಂಡು ಹೂ, ಇವೆಲ್ಲ ಒಳ್ಳೆಯ ಸೊಪ್ಪು. ಟೊಮೆಟೊ, ಬದನೆ, ಆಲೂಗಡ್ಡೆಯ ಎಲೆ ಮಾತ್ರ ತಿನ್ನಬಾರದು.

ತಟ್ಟೆಗೆ

ಕೊಯ್ದ ಸೊಪ್ಪಿನಲ್ಲಿ ವಿಟಮಿನ್ ಸಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ, ಅದಕ್ಕೇ ಅವತ್ತಿಗೆ ಬೇಕಾದಷ್ಟೇ ಕೊಯ್ಯುವುದು. ಜಾಸ್ತಿ ನೀರಲ್ಲಿ ಬೇಯಿಸಿ ನೀರು ಬಸಿದು ಚೆಲ್ಲಿದರೆ ಉಳಿದದ್ದೂ ಹೋಯಿತು. ತೊಳೆದಾಗ ಅಂಟಿದ ನೀರಲ್ಲೇ ಮುಚ್ಚಿ ಬಾಡಿಸಿದರೆ ಸಾಕು. ಕ್ಯಾರೆಟ್, ಕುಂಬಳ, ಹಸಿರು ಸೊಪ್ಪುಗಳ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಎಣ್ಣೆ ಇರಬೇಕು. ಟೊಮೆಟೊವನ್ನು ಫ್ರಿಜ್‌ನಲ್ಲಿ ಇಟ್ಟರೆ ಪರಿಮಳ ಹೋಗುತ್ತದೆ, ಹೊರಗೇ ಇಡಿ. ಹಸಿಯಾಗಿ ತಿನ್ನುವ ಎಲೆಯನ್ನು ಪಾತ್ರೆಯಲ್ಲಿ ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ, ಮಣ್ಣು ಎಲೆಯ ತೊಟ್ಟಿನ ಬಳಿ ಕೂತಿರುತ್ತದೆ. ಬೇವಿನ ಎಣ್ಣೆ ಸಿಂಪಡಿಸಿದ್ದರೆ ಕೆಲವು ದಿನ ಬಿಟ್ಟು ಕೊಯ್ಯಿರಿ.

ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಸೋರೆ, ಸೌತೆ, ಕುಂಬಳ, ಹೀರೆ ಬಳಸುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ವಿಪರೀತ ಕಹಿ ಇದ್ದರೆ ಉಗುಳಿ, ಇಡೀ ಕಾಯಿಯನ್ನು ಬಿಸಾಡಿ. ಅದು ಕುಕುರ್ಬಿಟಾಸಿನ್ ಅನ್ನುವ ವಿಷ, ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿಯಿಂದ ಜೀವಕ್ಕೇ ಅಪಾಯ ಆಗಬಹುದು. ಕಹಿ ಸೋರೆಯ ರಸ ಒಳ್ಳೆಯದು ಅಂತ ಕಣ್ಣುಮುಚ್ಚಿ ಕುಡಿಯುವುದು ಬೇಡವೇ ಬೇಡ. ಹಾಗಲದ ಕಹಿ ಬೇರೆ, ಅದು ಅದರ ಸಹಜ ರುಚಿ. ಹಸಿರಾದ ಆಲೂಗಡ್ಡೆಯೂ ಬೇಡ.

ಮುಂದಿನ ಸಲಕ್ಕೆ ಬೀಜ

ಚೆನ್ನಾಗಿ ಬಂದ ಒಂದು ಗಿಡವನ್ನು ಗುರುತು ಮಾಡಿ ಅದರ ಒಂದೆರಡು ಕಾಯಿಯನ್ನು ಬೀಜಕ್ಕೆ ಬಿಡಿ. ಪೊಟ್ಟಣದ ಮೇಲೆ ಎಫ್1 ಹೈಬ್ರಿಡ್ (ಎರಡು ತಳಿ ಬೆರೆಸಿ ಮಾಡಿದ್ದು) ಅಂತ ಇದ್ದರೆ ಅದರ ಬೀಜ ತಾಯಿಯಂತೆಯೇ ಬರುವುದಿಲ್ಲ, ನಾಟಿ ತಳಿಯಾದರೆ ಬರುತ್ತದೆ. ಬೆಂಡೆ, ಬೀನ್ಸ್ ಗಿಡದಲ್ಲೇ ಒಣಗಲಿ. ಟೊಮೆಟೊ ಹಣ್ಣಿನ ತಿರುಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಲು ಬಿಡಿ, ಬೀಜದ ಸುತ್ತಲಿನ ಲೋಳೆ ಬಿಡುತ್ತದೆ, ತೊಳೆದು ನೆರಳಲ್ಲಿ ಒಣಗಿಸಿ. ಕುಂಬಳ ಜಾತಿಯವು ಪಕ್ಕದ ಬಳ್ಳಿಯ ಜೊತೆ ಬೆರೆಯುತ್ತವೆ, ಬೀಜಕ್ಕೆ ಬೇಕಾದ ಹೆಣ್ಣು ಹೂವನ್ನು ಅರಳುವ ಮೊದಲೇ ದಾರದಿಂದ ಕಟ್ಟಿ, ಅರಳಿದಾಗ ನೀವೇ ಪರಾಗ ಸವರಿ ಮತ್ತೆ ಕಟ್ಟಿ.

ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿಟ್ಟು ಹೆಸರು, ವರ್ಷ ಬರೆಯಿರಿ. ಈರುಳ್ಳಿ ಬೀಜಕ್ಕೆ ಒಂದೆರಡು ವರ್ಷವಷ್ಟೇ ಆಯಸ್ಸು, ಟೊಮೆಟೊ ನಾಲ್ಕು ವರ್ಷ ತಡೆಯುತ್ತದೆ. ಹಳೆಯದು ಇನ್ನೂ ಮೊಳೆಯುತ್ತದೋ ಇಲ್ಲವೋ ಅಂತ ಅನುಮಾನವಾದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ, ಐದಾರು ಮೊಳೆತರೆ ಸ್ವಲ್ಪ ಒತ್ತಾಗಿ ಬಿತ್ತಿ, ಅದಕ್ಕಿಂತ ಕಡಿಮೆಯಾದರೆ ಹೊಸ ಬೀಜ ತನ್ನಿ.